ಕಾಫಿ ಸ್ಟೋರಿನಲ್ಲಿ ಜಾಝ್ ಕೋರಸ್

ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆಯೇ ಆಂಪ್. ಗಾಜಿನ ಟ್ಯೂಬ್‌ಗಳಿಂದ ಆ ಕೆಲಸ ಮಾಡುವ ಟ್ಯೂಬ್ ಆಂಪ್ ಮುಂದೆ ಟ್ರಾನ್ಸಿಸ್ಟರ್ ಆಂಪ್ ಸಪ್ಪೆ ಅನ್ನುವ ಮಾತನ್ನು ಗಿಟಾರ್ ಹಿಡಿದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಹೇಳುವವರಲ್ಲಿ ಅರ್ಧ ಜನ ಟ್ಯೂಬ್ ಆಂಪನ್ನು ಕಣ್ಣಾರೆ ಕಂಡವರಲ್ಲ. ಇರಲಿ ಬಿಡಿ. ನನ್ನ ಹತ್ತಿರ ಇರುವುದು ರೋಲ್ಯಾಂಡ್ ಕಂಪನಿಯ ಹಳೆಯ ಜೆಸಿ-120. ಪೂರ್ತಿ ಹೆಸರು ಜಾಝ್ ಕೋರಸ್. ಅದರೊಳಗೆ ಒಂದೇ ಒಂದು ಟ್ಯೂಬ್ ಇಲ್ಲ. ನನಗೆ ಅದರ ಕೊರಗೂ ಇಲ್ಲ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಹಗಲು ಆಳುಗಳ ಹಾಜರಿಯ ಚೆಕ್‌ರೋಲು, ಗೊಬ್ಬರದ ಲೆಕ್ಕ, ಯಾರ ಜೀಪು ಯಾವ ಗೇಟಿಗೆ ಬಂತು ಅನ್ನುವ ತಲೆನೋವು. ಸಂಜೆ ಗಿಟಾರ್. ಮದುವೆ ಸೀಸನ್‌ನಲ್ಲಿ ಒಂದು ಸಣ್ಣ ಆರ್ಕೆಸ್ಟ್ರಾ ಜೊತೆ ಕುಶಾಲನಗರ, ಸೋಮವಾರಪೇಟೆ, ಮಡಿಕೇರಿ ಅಂತ ಸುತ್ತುತ್ತೇನೆ. ಈ ಆಂಪ್ ಸಿಕ್ಕಿದ್ದೂ ಆರ್ಕೆಸ್ಟ್ರಾ ನಂಟಿನಿಂದಲೇ. ಮೈಸೂರಿನ ಒಂದು ತಂಡದವರು ಇದನ್ನು ಕೀಬೋರ್ಡಿಗೆ ಬಳಸುತ್ತಿದ್ದರು. ಈಗ ಅವರೆಲ್ಲ ನೇರವಾಗಿ ಮಿಕ್ಸರಿಗೆ ಚುಚ್ಚಿ, ಕಿವಿಗೆ ಮಾನಿಟರ್ ಸಿಕ್ಕಿಸಿಕೊಂಡು ನುಡಿಸುತ್ತಾರೆ. ಆಂಪ್ ಮೂಲೆ ಸೇರಿತ್ತು, ಮೇಲೆ ಹಳೆ ಬ್ಯಾನರುಗಳ ರಾಶಿ. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ. ಮನೆಯವರೂ ಇದನ್ನು ಓದುತ್ತಾರೆ.

ಇದರ ತೂಕ 28 ಕಿಲೋ. ಪಿಕಪ್‌ನಿಂದ ಇಳಿಸಲು ಬಂದವರು ಅದನ್ನು ಎತ್ತಿ ನೋಡಿ ನಕ್ಕರು. ಅವರು ದಿನವೂ ಹೊರುವ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ 50 ಕಿಲೋ. ಕೆಳಗೆ ನಾಲ್ಕು ಗಾಲಿಗಳಿವೆ, ಜಪಾನಿನ ನುಣುಪು ನೆಲಕ್ಕೆ ಸರಿ, ನಮ್ಮ ಕಣದ ದಾರಿಯಲ್ಲಿ ಅವು ಇದ್ದೂ ಇಲ್ಲ.

ರೋಲ್ಯಾಂಡ್ ಶುರುವಾದದ್ದು 1972ರಲ್ಲಿ, ಒಸಾಕಾದಲ್ಲಿ, ಇಕುತಾರೊ ಕಕೆಹಾಶಿ ಅವರಿಂದ. ಜೆಸಿ-120 ಬಂದದ್ದು 1975ರಲ್ಲಿ. ಇವತ್ತಿಗೂ ಅದನ್ನು ಮಾಡಿ ಮಾರುತ್ತಿದ್ದಾರೆ. ಟ್ರಾನ್ಸಿಸ್ಟರ್ ಗಿಟಾರ್ ಆಂಪ್‌ಗಳಿಗೆ ಅದಕ್ಕೂ ಮೊದಲೇ ಕೆಟ್ಟ ಹೆಸರು ಬಂದಾಗಿತ್ತು. 1966ರಲ್ಲಿ ಅಮೆರಿಕದ ಗಿಟಾರ್ ಕಂಪನಿ ಫೆಂಡರ್ ತಂದ ಟ್ರಾನ್ಸಿಸ್ಟರ್ ಆಂಪ್‌ಗಳ ಸಾಲು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮಾಯವಾಯಿತು. ಆ ಹೆಸರು ಇನ್ನೂ ಪೂರ್ತಿ ಹೋಗಿಲ್ಲ. ಹಾಗಂತ ಟ್ರಾನ್ಸಿಸ್ಟರ್ ಆಂಪನ್ನು ದೊಡ್ಡವರು ಮುಟ್ಟಿಲ್ಲವೆಂದೇನಿಲ್ಲ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಬಹಳ ಕಾಲ ನುಡಿಸಿದ್ದು ಲ್ಯಾಬ್ ಸೀರೀಸ್ ಎಲ್5 ಎಂಬ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ. ಇಂಗ್ಲೆಂಡಿನ ದಿ ಕ್ಯೂರ್ ರಾಕ್ ತಂಡದ ರಾಬರ್ಟ್ ಸ್ಮಿತ್ ಜೆಸಿ-120 ನುಡಿಸಿದವರು. ತಮಾಷೆ ಅಂದರೆ ಹೆವಿ ಮೆಟಲ್ ತಂಡ ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಕೂಡ. ಅಷ್ಟು ಭಾರದ ಸಂಗೀತದ ನಡುವೆ ಬರುವ ಶುಭ್ರ ಭಾಗಗಳಿಗೆ ಅವರಿಗೆ ಬೇಕಾದದ್ದು ಇದೇ ಪೆಟ್ಟಿಗೆ.

ಆ ಶುಭ್ರತೆಯ ಬಗ್ಗೆ ಸ್ವಲ್ಪ ಹೇಳಬೇಕು. ಟ್ಯೂಬ್ ಆಂಪನ್ನು ಜೋರಾಗಿ ನುಡಿಸಿದಾಗ ಒಳಗಿನ ವೋಲ್ಟೇಜ್ ತುಸು ಕುಸಿಯುತ್ತದೆ, ಟ್ಯೂಬ್ ಮತ್ತು ಸ್ಪೀಕರಿನ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತನ್ನದೂ ಒಂದಿಷ್ಟು ಸೇರಿಸುತ್ತದೆ, ಸದ್ದಿನ ಅಲೆಯ ತುದಿ ಮೆಲ್ಲಗೆ ದುಂಡಗಾಗುತ್ತದೆ. ಕಿವಿಗೆ ಹಿತ. ಟ್ರಾನ್ಸಿಸ್ಟರ್ ಹಾಗಲ್ಲ. ಮಿತಿ ಮುಟ್ಟುವ ತನಕ ಕೊಟ್ಟದ್ದನ್ನು ಕೊಟ್ಟ ಹಾಗೇ ದೊಡ್ಡದು ಮಾಡುತ್ತದೆ, ಮಿತಿ ದಾಟಿದರೆ ತುದಿಯನ್ನು ಕತ್ತರಿಸಿ ಹಾಕುತ್ತದೆ. ಆ ಕತ್ತರಿಸಿದ ಸದ್ದು ಕೆಟ್ಟದಾಗಿರುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಜೆಸಿಯ ಜಾಣತನ ಇರುವುದು ಆ ಮಿತಿಯನ್ನು ತುಂಬಾ ದೂರ ಇಟ್ಟದ್ದರಲ್ಲಿ. ಒಳಗೆ 60 ವ್ಯಾಟಿನ ಎರಡು ಬೇರೆ ಬೇರೆ ಪವರ್ ಆಂಪ್‌ಗಳು, ಒಂದೊಂದಕ್ಕೆ ಒಂದೊಂದು 12 ಇಂಚಿನ ಸ್ಪೀಕರ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲವೇ ಇಲ್ಲ. ನಾವು ನುಡಿಸುವ ಕಲ್ಯಾಣ ಮಂಟಪಗಳಲ್ಲಿ ವಾಲ್ಯೂಮ್ ಅರ್ಧ ದಾಟಿಸುವ ಪ್ರಸಂಗವೇ ಬರುವುದಿಲ್ಲ. ಅಷ್ಟರಲ್ಲಿ ಹುಡುಗಿ ಕಡೆಯ ಯಾರೋ ಒಬ್ಬರು ಬಂದು ಕಡಿಮೆ ಮಾಡಿ ಅಂದಿರುತ್ತಾರೆ.

ಹೀಗಾಗಿ ಕೈಯಲ್ಲಿ ಏನಿದೆಯೋ ಅದು ಹೊರಗೆ ಬರುತ್ತದೆ. ಮೀಟಿದ ಕ್ಷಣವೇ ಸ್ವರ. ಹಿಂಜರಿಕೆ ಇಲ್ಲ, ಕರುಣೆಯೂ ಇಲ್ಲ. ನಾಲ್ಕು ಬೆರಳಿನ ಒಂದು ಕಾರ್ಡ್ ಹಿಡಿದಾಗ ನಡುವಿನ ತಂತಿಗೆ ಬೆರಳ ತುದಿ ಸ್ವಲ್ಪ ತಾಗಿದ್ದರೂ ಅದು ಸತ್ತದ್ದು ಗೊತ್ತಾಗುತ್ತದೆ. ಜುಲೈಯಲ್ಲಿ ನಮ್ಮ ಕಡೆ ತಂತಿಗೆ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಡ. ಬೇರೆ ಆಂಪ್‌ನಲ್ಲಿ ಹಳೆ ತಂತಿ ಸುಮ್ನೆ ಮಂಕಾಗಿ ಕೇಳುತ್ತದೆ. ಇದರಲ್ಲಿ ಯಾವ ತಂತಿ, ಎಷ್ಟು ಹಳೆಯದು ಅಂತ ಹೆಸರು ಹಿಡಿದು ಹೇಳಬಹುದು. ಜೆಸಿ ತಣ್ಣಗಿದೆ, ಒಣಗಿದೆ ಅಂತ ದೂರುವವರನ್ನು ಕಂಡಿದ್ದೇನೆ. ಅವರ ಗಿಟಾರಿನ ಟೋನ್ ನಾಬ್ ಹತ್ತಕ್ಕೆ ಅಂಟಿಕೊಂಡಿರುತ್ತದೆ, ಸದ್ದನ್ನು ಇನ್ನೂ ಚುರುಕು ಮಾಡುವ ಆಂಪಿನ ಬ್ರೈಟ್ ಸ್ವಿಚ್ಚೂ ಆನ್ ಇರುತ್ತದೆ. ಬ್ರೈಟ್ ಆಫ್ ಮಾಡಿ, ಟ್ರೆಬಲ್ ಇಳಿಸಿ, ಮಿಡಲ್ ಪೂರ್ತಿ ತಿರುಗಿಸಿ, ಗಿಟಾರಿನ ಟೋನನ್ನು ಆರಕ್ಕೋ ಏಳಕ್ಕೋ ತಂದು ನೋಡಿ. ಆಮೇಲೆ ಒಂದು ಮಾತು, ಅದರ ಎದುರಿಗೇ ನೆಲದಲ್ಲಿ ಕೂತು ಕೇಳಬೇಡಿ. 12 ಇಂಚಿನ ಕೋನ್‌ನಿಂದ ತಾರಸ್ಥಾಯಿಯ ಸದ್ದು ನೇರವಾಗಿ ಕೋಲು ಹಿಡಿದ ಹಾಗೆ ಮುಂದಕ್ಕೆ ಹೋಗುತ್ತದೆ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಅರ್ಧ ತಕರಾರು ಮುಗಿಯಿತು.

ಈಗ ಕೋರಸ್, ಅಂದರೆ ಒಂದೇ ಗಿಟಾರ್ ಎರಡು ಗಿಟಾರ್ ಒಟ್ಟಿಗೆ ನುಡಿದ ಹಾಗೆ ಕೇಳಿಸುವ ಎಫೆಕ್ಟ್. ನಿಜ ಹೇಳಬೇಕೆಂದರೆ ಈ ಬರಹ ಶುರು ಮಾಡಿದ್ದೇ ಅದರ ಬಗ್ಗೆ ಬರೆಯಲು.

ಈ ಆಂಪಿನಲ್ಲಿ ಎರಡು ಚಾನೆಲ್. ಒಂದು ಬೋಳು, ಬರೀ ಟೋನ್ ನಾಬ್‌ಗಳು. ಇನ್ನೊಂದರಲ್ಲಿ ಸದ್ದನ್ನು ಒಡೆಸುವ ಡಿಸ್ಟಾರ್ಷನ್, ಸ್ಪ್ರಿಂಗಿನಿಂದ ಕೋಣೆಯ ಗುಂಗು ಸೇರಿಸುವ ಸ್ಪ್ರಿಂಗ್ ರಿವರ್ಬ್, ಆಮೇಲೆ ಒಂದು ಮೂರು ಹಂತದ ಸ್ವಿಚ್. ಒಂದು ಕಡೆ ಕೋರಸ್, ಒಂದು ಕಡೆ ಶ್ರುತಿಯನ್ನು ತೂಗಾಡಿಸುವ ವೈಬ್ರಾಟೊ, ನಡುವೆ ಆಫ್. ವೈಬ್ರಾಟೊಗೆ ಮಾತ್ರ ವೇಗ ಮತ್ತು ಆಳದ ನಾಬ್‌ಗಳು ಕೆಲಸ ಮಾಡುತ್ತವೆ. ಕೋರಸ್ಸಿಗೆ ಯಾವ ನಾಬೂ ಇಲ್ಲ. ಹಾಕು ಅಥವಾ ತೆಗೆ, ಅಷ್ಟೇ. ಈಗಿನ ಪೆಡಲ್‌ಗಳಲ್ಲಿ, ಅಂದರೆ ಕಾಲಿನಲ್ಲಿ ಒತ್ತುವ ಎಫೆಕ್ಟ್ ಪೆಟ್ಟಿಗೆಗಳಲ್ಲಿ, ಐದಾರು ನಾಬ್ ತಿರುಗಿಸಿ ತಿರುಗಿಸಿ ಸಂಜೆ ಕಳೆಯುವವರಿಗೆ ಇದು ದೊಡ್ಡ ಉಪಕಾರ. ಯಾರೋ ಒಬ್ಬ ಇಂಜಿನಿಯರ್ 1975ರಲ್ಲೇ ಕೂತು ಕೇಳಿ ಸರಿಯಾದದ್ದನ್ನು ಆರಿಸಿ, ಇನ್ನು ನೀವು ಮುಟ್ಟಬೇಡಿ ಅಂದುಬಿಟ್ಟಿದ್ದಾನೆ.

ಒಳಗೆ ನಡೆಯುವುದು ಏನೆಂದರೆ, ಗಿಟಾರಿನ ಸಿಗ್ನಲ್ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಏನೂ ಬದಲಾಗದೆ ಒಂದು ಸ್ಪೀಕರಿಗೆ ಹೋಗುತ್ತದೆ. ಇನ್ನೊಂದು ಕವಲು ಬಕೆಟ್ ಬ್ರಿಗೇಡ್ ಎಂಬ ಜಾತಿಯ ಚಿಪ್ ಮೂಲಕ ಸಾಗಿ ಎರಡನೇ ಸ್ಪೀಕರಿಗೆ. ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬ ಇಬ್ಬರು 1969ರಲ್ಲಿ ಇದನ್ನು ಕಂಡುಹಿಡಿದರು. ಕಣದಿಂದ ಸ್ಟೋರಿನ ತನಕ ಆಳುಗಳು ಸಾಲಾಗಿ ನಿಂತು ಕಾಫಿ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದರೆ ಇದರ ಕೆಲಸ ತಾನಾಗಿ ಅರ್ಥವಾಗುತ್ತದೆ. ಸಾಲಿನಲ್ಲಿ ಇರುವವು ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಪುಟ್ಟ ಕೆಪ್ಯಾಸಿಟರ್‌ಗಳು. ಬುಟ್ಟಿಯಲ್ಲಿ ಇರುವುದು ಆ ಕ್ಷಣದ ವೋಲ್ಟೇಜ್. ಒಂದು ಗಡಿಯಾರ ಟಿಕ್ ಅಂದಾಗಲೆಲ್ಲ ಬುಟ್ಟಿ ಮುಂದಿನ ಕೈಗೆ. ಕೊನೆ ಮುಟ್ಟುವ ಹೊತ್ತಿಗೆ ಸ್ವಲ್ಪ ತಡವಾಗಿರುತ್ತದೆ.

ಎಷ್ಟು ತಡ? ಆ ಕಾಲದ ಇಂಥ ಒಂದು ಚಿಪ್ಪಿನಲ್ಲಿ 512 ಹಂತಗಳಿದ್ದವು. ಗಡಿಯಾರ ಸೆಕೆಂಡಿಗೆ 50 ಸಾವಿರ ಸಲ ಬಡಿದರೆ ಸುಮಾರು 5 ಮಿಲಿಸೆಕೆಂಡ್ ತಡವಾಗುತ್ತದೆ. ಅಷ್ಟು ಹೊತ್ತಿನಲ್ಲಿ ಸದ್ದು ಗಾಳಿಯಲ್ಲಿ ಹೋಗುವುದು ಹೆಚ್ಚು ಕಡಿಮೆ ಒಂದೂಮುಕ್ಕಾಲು ಮೀಟರ್. ಇಷ್ಟೇ ಆದರೆ ಸಣ್ಣ ಪ್ರತಿಧ್ವನಿ, ಬೇರೇನಿಲ್ಲ. ಆದರೆ ಆ ಗಡಿಯಾರದ ವೇಗವನ್ನು ಇನ್ನೊಂದು ನಿಧಾನದ ಅಲೆ ಏರಿಸುತ್ತಾ ಇಳಿಸುತ್ತಾ ಇರುತ್ತದೆ. ತಡ ಕಡಿಮೆಯಾಗುತ್ತಿರುವಾಗ ಶ್ರುತಿ ಒಂದು ಎಳೆ ಏರುತ್ತದೆ, ಹೆಚ್ಚಾಗುತ್ತಿರುವಾಗ ಇಳಿಯುತ್ತದೆ. ಹಾರ್ನ್ ಒತ್ತಿಕೊಂಡು ಹೋಗುವ ಬಸ್ಸು ನಮ್ಮನ್ನು ದಾಟುವಾಗ ಸ್ವರ ಬದಲಾಗುವುದರ ಹಿಂದೆಯೂ ಇದೇ ಲೆಕ್ಕ.

ಈಗ ಮುಖ್ಯ ಸಂಗತಿ. ಜೆಸಿ ಈ ಎರಡು ಸದ್ದುಗಳನ್ನು ಒಳಗೆ ಬೆರೆಸುವುದಿಲ್ಲ. ಒಂದು ಸ್ಪೀಕರಿನಿಂದ ನೇರ ಸದ್ದು, ಇನ್ನೊಂದರಿಂದ ತೂಗಾಡುವ ಸದ್ದು. ಅವೆರಡೂ ಸೇರುವುದು ಹೊರಗೆ, ಕೋಣೆಯ ಗಾಳಿಯಲ್ಲಿ. ಅಂದರೆ ಕೋರಸ್ ಪೆಟ್ಟಿಗೆಯಲ್ಲಿ ಹುಟ್ಟುವುದೇ ಇಲ್ಲ. ನೀವು ಎಲ್ಲಿ ನಿಂತಿದ್ದೀರಿ, ಗೋಡೆ ಎಷ್ಟು ದೂರ, ನೆಲ ಮಣ್ಣೋ ಟೈಲ್ಸೋ, ಎಲ್ಲಾ ಸೇರಿ ಅದನ್ನು ಮಾಡುತ್ತವೆ. ತಲೆ ಆಚೀಚೆ ಮಾಡಿದರೆ ಸದ್ದು ಬದಲಾಗುತ್ತದೆ. ಇದೇ ಸರ್ಕ್ಯೂಟನ್ನು 1976ರಲ್ಲಿ ರೋಲ್ಯಾಂಡ್‌ನವರೇ ತಮ್ಮ ಬಾಸ್ ಬ್ರ್ಯಾಂಡಿನಲ್ಲಿ ಸಿಇ-1 ಅಂತ ಬೇರೆ ಪೆಡಲ್ ಮಾಡಿ ತಂದರು, ಮೊದಲ ಕೋರಸ್ ಪೆಡಲ್ ಅದೇ. ಒಂದೇ ಸ್ಪೀಕರಿನ ಆಂಪಿಗೆ ಕೋರಸ್ ಪೆಡಲ್ ಹಾಕಿದರೆ ಎರಡೂ ಸದ್ದು ತಂತಿಯಲ್ಲೇ ಬೆರೆತು ಬರುತ್ತವೆ. ಅದೂ ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಎದುರಿಗೆ ನಿಂತು ಕೇಳಿಸುತ್ತದೆ. ಜೆಸಿ ಸುತ್ತಲೂ ಕೇಳಿಸುತ್ತದೆ.

ಕುಶಾಲನಗರದ ಒಂದು ರಿಸೆಪ್ಷನ್‌ನಲ್ಲಿ ಸೌಂಡ್ ಹುಡುಗ ಒಂದೇ ಮೈಕ್ ತಂದು ಒಂದು ಸ್ಪೀಕರಿನ ಮುಂದೆ ಇಟ್ಟ. ಅದು ನೇರ ಸದ್ದಿನ ಸ್ಪೀಕರ್. ಹೊರಗಿನ ದೊಡ್ಡ ಬಾಕ್ಸ್‌ಗಳಲ್ಲಿ ಕೋರಸ್ಸಿನ ಸುಳಿವೇ ಇಲ್ಲ. "ಅಣ್ಣಾ, ನಿಮ್ಮ ಎಫೆಕ್ಟ್ ಹೋಗಿದೆ" ಅಂದ. ಮೈಕನ್ನು ಪಕ್ಕದ ಸ್ಪೀಕರಿಗೆ ಸರಿಸು ಅಂದೆ. ಸರಿಸಿದ. ಈಗ ಬರೀ ತೂಗಾಟ, ಟೇಪ್ ಸಿಕ್ಕಿಹಾಕಿಕೊಂಡ ಕ್ಯಾಸೆಟ್ಟಿನ ಗತಿ. ಅವನ ಮುಖ ನೋಡಬೇಕಿತ್ತು. ಕೊನೆಗೆ ಎರಡು ಮೈಕ್ ಹಾಕಿ, ಮಿಕ್ಸರಿನಲ್ಲಿ ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಬಿಟ್ಟೆವು. ಆಗ ಅವನೇ ಹಾಲಿನ ನಡುವೆ ಹೋಗಿ ನಿಂತು, ಕೈ ಎತ್ತಿ ಸನ್ನೆ ಮಾಡಿದ. ಊಟದ ಸಾಲಿನಲ್ಲಿದ್ದವರಿಗೆ ಇದ್ಯಾವುದೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಸದ್ದು ಕೋಣೆಯಲ್ಲಿ ಹುಟ್ಟುತ್ತದೆ ಅಂದ ಮೇಲೆ ನನ್ನ ಕೋಣೆಯ ಬಗ್ಗೆಯೂ ಹೇಳಬೇಕು ಅಲ್ವಾ. ನಾನು ನುಡಿಸುವುದು ತೋಟದ ಕಾಫಿ ಸ್ಟೋರಿನಲ್ಲಿ. ಸಾಹುಕಾರರ ಒಪ್ಪಿಗೆ ಇದೆ. ಉದ್ದನೆಯ ಕಟ್ಟಡ, ಕಲ್ಲಿನ ಗೋಡೆ, ಮೇಲೆ ಶೀಟು, ಒಂದೇ ದೊಡ್ಡ ಬಾಗಿಲು. ರೋಬಸ್ಟಾ ಕುಯ್ಲು ಮುಗಿದು ಚೆರ್ರಿ ಒಣಗಿ ಮೂಟೆ ಏರುವಾಗ, ಅಂದರೆ ಫೆಬ್ರವರಿ, ಮಾರ್ಚಿಗೆ, ಮೂರು ಗೋಡೆಗೂ ಶೀಟಿನ ಎತ್ತರಕ್ಕೆ ಗೋಣಿ ಮೂಟೆಗಳು. ಜೊತೆಗೆ ಕರಿಮೆಣಸು. ಗೋಣಿಯಷ್ಟು ಸದ್ದು ನುಂಗುವ ವಸ್ತು ಇನ್ನೊಂದಿಲ್ಲ. ಆಗ ಇಲ್ಲಿ ಚಪ್ಪಾಳೆ ಹೊಡೆದರೂ ವಾಪಸ್ ಬರುವುದಿಲ್ಲ. ಕೋರಸ್ಸಿನ ಎರಡೂ ಸದ್ದು ಬಿಡಿಬಿಡಿಯಾಗಿ ಕಿವಿಗೆ ಬರುತ್ತವೆ, ಯಾವುದು ಯಾವ ಸ್ಪೀಕರಿನದ್ದು ಅಂತ ಕಣ್ಣು ಮುಚ್ಚಿ ತೋರಿಸಬಹುದು. ಆಗ ರಿವರ್ಬ್ ನಾಬನ್ನು ನಾಲ್ಕರ ತನಕ ಏರಿಸುತ್ತೇನೆ.

ಮೂಟೆ ಮಾರಿ ಲಾರಿ ಹತ್ತಿದ ಮೇಲೆ, ಮಳೆ ಹಿಡಿಯುವ ಹೊತ್ತಿಗೆ, ಸ್ಟೋರು ಖಾಲಿ. ಅದೇ ಆಂಪು, ಅದೇ ಜಾಗ, ಬೇರೆಯದೇ ಸದ್ದು. ಕಲ್ಲಿನ ಗೋಡೆಗಳು ಎಲ್ಲವನ್ನೂ ತಿರುಗಿ ಎಸೆಯುತ್ತವೆ. ಎರಡು ಸ್ಪೀಕರಿನ ಸದ್ದು ಕಲಸಿ ಒಂದು ದೊಡ್ಡ ಮಂಜಾಗುತ್ತದೆ. ರಿವರ್ಬ್ ಪೂರ್ತಿ ಸೊನ್ನೆ. ಬಾಸ್ ಕೂಡ ಮೂರಕ್ಕೆ ಇಳಿಸಬೇಕು, ಇಲ್ಲದಿದ್ದರೆ ಕೆಳಗಿನ ತಂತಿ ಮುಟ್ಟಿದರೆ ಶೀಟಿನ ಯಾವುದೋ ಸಡಿಲ ಬೋಲ್ಟ್ ಜುಮ್ ಅನ್ನುತ್ತದೆ. ನಡುವಿನ ಒಂದು ಸ್ಥಿತಿ ಇದೆ, ಅರ್ಧ ಸ್ಟಾಕ್ ಮಾರಾಟವಾಗಿ ಒಂದು ಗೋಡೆ ಮಾತ್ರ ತೆರೆದಿರುವಾಗ. ಮೂಟೆಗಳ ಕಡೆ ನೇರ ಸದ್ದಿನ ಸ್ಪೀಕರ್, ಕಲ್ಲಿನ ಕಡೆ ತೂಗಾಡುವ ಸ್ಪೀಕರ್ ಬರುವ ಹಾಗೆ ಆಂಪನ್ನು ತಿರುಗಿಸಿ ಇಟ್ಟರೆ ನನ್ನ ಕಿವಿಗೆ ಅದಕ್ಕಿಂತ ಒಳ್ಳೆಯ ಕೋರಸ್ ಇಲ್ಲ. ಕಾಫಿ ರೇಟ್ ಏರುತ್ತಿದ್ದರೆ ಸಾಹುಕಾರರು ಸ್ಟಾಕ್ ಹಿಡಿದಿಡುತ್ತಾರೆ, ಆ ಸ್ಥಿತಿ ಬರುವುದು ತಡವಾಗುತ್ತದೆ. ಮಾರುಕಟ್ಟೆಗೂ ನನ್ನ ರಿವರ್ಬ್ ನಾಬಿಗೂ ಇರುವ ಈ ಸಂಬಂಧವನ್ನು ಸಾಹುಕಾರರಿಗೆ ಇನ್ನೂ ವಿವರಿಸಿಲ್ಲ.

ಜೆಸಿಯ ದೋಷಗಳ ಪೈಕಿ ಎಲ್ಲರೂ ಹೇಳುವುದು ಅದರ ಹಿಸ್. ನಿಜ. ನುಡಿಸದೆ ಸುಮ್ಮನೆ ಇದ್ದಾಗ ಸ್ಸ್ ಅನ್ನುತ್ತಲೇ ಇರುತ್ತದೆ, ಕೋರಸ್ ಹಾಕಿದರೆ ಇನ್ನೊಂದು ಚೂರು ಜಾಸ್ತಿ. ರೆಕಾರ್ಡಿಂಗ್ ಮಾಡುವವರಿಗೆ ಕಿರಿಕಿರಿ. ಜುಲೈ ತಿಂಗಳಲ್ಲಿ ಶೀಟಿನ ಕೆಳಗೆ ನುಡಿಸುವ ನನಗೆ ಅದೊಂದು ಸಮಸ್ಯೆಯೇ ಅಲ್ಲ, ಮಳೆಯಲ್ಲಿ ಆಂಪ್ ಆನ್ ಆಗಿದೆಯಾ ಅಂತ ದೀಪ ನೋಡಿಯೇ ತಿಳಿಯಬೇಕು. ಇನ್ನು ಡಿಸ್ಟಾರ್ಷನ್ ನಾಬ್. ಅದನ್ನು ಯಾಕೆ ಇಟ್ಟರೋ. ಜೇನುಗೂಡಿಗೆ ಕಲ್ಲು ಬಿದ್ದ ಸದ್ದು. ಬೇಕಿದ್ದರೆ ಒಂದು ಪೆಡಲ್ ಹಾಕಿಕೊಳ್ಳಿ, ಪೆಡಲ್‌ಗಳನ್ನು ಈ ಆಂಪ್ ಚೆನ್ನಾಗಿ ತೆಗೆದುಕೊಳ್ಳುತ್ತದೆ. ಪೆಡಲ್ ಕೆಟ್ಟದಿದ್ದರೆ ಅದನ್ನೂ ಮುಚ್ಚಿಡುವುದಿಲ್ಲ.

ಕೊಡಗಿನಲ್ಲಿ ಇಂಥದ್ದನ್ನು ಸಾಕುವುದಕ್ಕೆ ಇರುವ ದೊಡ್ಡ ಕಷ್ಟ ಕರೆಂಟ್. ನನ್ನದು ಜಪಾನಿನ ಮನೆಬಳಕೆಗೆ ಮಾಡಿದ್ದು, ಹಿಂದಿನ ತಗಡಿನಲ್ಲಿ 100 ವೋಲ್ಟ್ ಅಂತ ಬರೆದಿದೆ. ಎರಡು ಚಪ್ಪಟೆ ಪಿನ್ನಿನ ಪ್ಲಗ್. 230 ವೋಲ್ಟಿಗೆ ನೇರ ಚುಚ್ಚಿದರೆ ಕಥೆ ಮುಗಿಯಿತು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಟ್ರಾನ್ಸ್‌ಫಾರ್ಮರ್ ಮಾಡುವುದು ಬರೀ ಭಾಗಾಕಾರ. 230 ಬಂದರೆ 100 ಕೊಡುತ್ತದೆ. ಮಳೆಗಾಲದ ಸಂಜೆ ನಮ್ಮ ಲೈನಿನಲ್ಲಿ 170 ಬಂದರೆ ಆಂಪಿಗೆ ಸಿಗುವುದು 74. ಆಗ ಸದ್ದು ಬಡಕಲಾಗುತ್ತದೆ, ಜೋರಾಗಿ ಮೀಟಿದರೆ ಒಡೆಯುತ್ತದೆ. ಅದಕ್ಕೇ ಟ್ರಾನ್ಸ್‌ಫಾರ್ಮರಿಗೂ ಮೊದಲು ಒಂದು ಸ್ಟೆಬಿಲೈಜರ್ ಇಟ್ಟಿದ್ದೇನೆ. ಅದು ಕಟಕಟ ಅನ್ನುತ್ತಾ ರಿಲೇ ಬದಲಾಯಿಸುವಾಗ ಪ್ರತಿ ಸಲ ಸ್ಪೀಕರಿನಲ್ಲಿ ಒಂದು ಟಪ್ಪ್. ಆ ಟಪ್ಪ್‌ಗೆ ಸರಿಯಾಗಿ ತಾಳ ಹಾಕಲು ಕಲಿತುಬಿಟ್ಟಿದ್ದೇವೆ.

ಟ್ಯೂಬ್ ಆಂಪ್ ಇದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಮರದ ಕೊಂಬೆ ತಂತಿಗೆ ಬಿತ್ತು, ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಪ್ರತಿ ಸಲ ಟ್ಯೂಬ್‌ಗಳು ಕಾಯಬೇಕು, ತಣಿಯಬೇಕು. ಒಂದು ಟ್ಯೂಬ್ ಹೋದರೆ ಮಡಿಕೇರಿಯಲ್ಲಿ ಯಾವ ಅಂಗಡಿಯಲ್ಲಿ ಕೇಳಲಿ? ಜೆಸಿ ಹಾಗಲ್ಲ. ಕರೆಂಟ್ ಬಂದ ಮರುಕ್ಷಣ ಸದ್ದು ಸಿದ್ಧ. ಇನ್ವರ್ಟರಿನಲ್ಲಿ ಮಾತ್ರ ನುಡಿಸುವುದಿಲ್ಲ. ನಮ್ಮದು ಹಳೆ ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಗೀಂ ಅನ್ನುವ ಸದ್ದು ಗಿಟಾರಿಗಿಂತ ಮುಂದೆ ಬಂದು ಕೂರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ಗನ್ನೇ ಕಿತ್ತಿಡುತ್ತೇನೆ. ಟಿವಿ, ಮೋಡೆಮ್, ಆಂಪ್, ಆ ಕ್ರಮದಲ್ಲಲ್ಲ.

ಕರೆಂಟಿನ ಹಮ್, ಅಂದರೆ ಆಂಪಿನಿಂದ ಬರುವ ಗುಂಯ್ ಸದ್ದಿನ ಬಗ್ಗೆ ಒಂದು ಸಣ್ಣ ವಿಷಯ ಹೇಳದೆ ಇರಲಾರೆ. ನಮ್ಮ ಕರೆಂಟ್ 50 ಹರ್ಟ್ಸ್. ಆಂಪ್ ಒಳಗೆ ಅದು ಡಿಸಿ ಆಗುವಾಗ ಉಳಿಯುವ ಅಲುಗಾಟ 100 ಹರ್ಟ್ಸಿನದ್ದು. ಪವರ್ ಸಪ್ಲೈಯ ದೊಡ್ಡ ಕೆಪ್ಯಾಸಿಟರ್‌ಗಳು ಹಳತಾಗಿ ಒಣಗಿದಷ್ಟೂ ಈ ಹಮ್ ಏರುತ್ತದೆ. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್, ಜಿ ಸ್ವರ, 98 ಹರ್ಟ್ಸ್. ಅಂದರೆ ನಮ್ಮ ದೇಶದ ಹಮ್ ಜಿ ಸ್ವರಕ್ಕಿಂತ ಅರ್ಧಸ್ವರದ ಮೂರನೇ ಒಂದು ಭಾಗದಷ್ಟು ಮೇಲೆ. ಹಾಡು ಜಿಯಲ್ಲಿದ್ದರೆ ಹಮ್ ಒಳಗೆ ಅಡಗಿಕೊಳ್ಳುತ್ತದೆ, ಸ್ವಲ್ಪ ಹುಳಿ ಅಷ್ಟೇ. ಗಾಯಕಿ ಬಂದು ಎಫ್ ಶಾರ್ಪ್ ಬೇಕು ಅಂದರೆ ಎರಡೂ ಗುದ್ದಾಡಿಕೊಳ್ಳುತ್ತವೆ. ಆ ಗುದ್ದಾಟ ಕಿವಿಗೆ ಬಿದ್ದ ಮೇಲೆಯೇ ನಾನು ಕೆಪ್ಯಾಸಿಟರ್ ಬದಲಾಯಿಸಲು ಕೊಟ್ಟದ್ದು. ಮೈಸೂರಿನ ಒಬ್ಬ ಹಳೆಯ ರೇಡಿಯೋ ಮೆಕ್ಯಾನಿಕ್ ಮಾಡಿಕೊಟ್ಟರು. ಮುಚ್ಚಳ ತೆಗೆದವರೇ, ಎಷ್ಟು ಚೊಕ್ಕವಾಗಿ ವೈರ್ ಕಟ್ಟಿದ್ದಾರೆ ನೋಡಿ ಅಂತ ಮೊದಲು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿದರು. ರಿಪೇರಿ ಆಮೇಲೆ.

ತೇವ ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚಪ್ಪಲಿಗೂ ಬೂಸಲು, ಪುಸ್ತಕಕ್ಕೂ ಬೂಸಲು. ಆಂಪಿನ ಕಪ್ಪು ರೆಕ್ಸಿನ್ ಮೇಲೆ ಬಿಳಿ ಪುಡಿ ಏಳುತ್ತದೆ. ಅದನ್ನು ಒರೆಸಬಹುದು. ಸ್ಪೀಕರಿನ ಕಾಗದದ ಕೋನ್ ಮೆತ್ತಗಾದರೆ ಏನು ಮಾಡುವುದು? ಇಲ್ಲಿನ ಮನೆಗಳಲ್ಲಿ ಮಳೆಗಾಲಕ್ಕೆ ಬಟ್ಟೆಯ ಬೀರುವಿನೊಳಗೆ ಒಂದು ಬಲ್ಬ್ ಉರಿಸಿಡುವುದು ವಾಡಿಕೆ. ಅದೇ ಉಪಾಯ ಇಲ್ಲೂ. ಜೆಸಿಯ ಹಿಂಭಾಗ ತೆರೆದಿದೆ. ಅದರ ಹಿಂದೆ, ಕೋನ್‌ಗೆ ತಾಗದ ಹಾಗೆ, ಒಂದು ಸಣ್ಣ ಬಲ್ಬ್ ತೂಗುಹಾಕಿ, ಮೇಲೆ ತೆಳುವಾದ ಹತ್ತಿ ಬೆಡ್‌ಶೀಟ್ ಸಡಿಲವಾಗಿ ಇಳಿಬಿಡುತ್ತೇನೆ, ಬಲ್ಬಿಗೆ ತಾಗದಂತೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ. ಬಲ್ಬ್ ಇಟ್ಟ ಮೇಲೆ ಇಲಿಗಳೂ ಆ ಕಡೆ ಬರುವುದು ನಿಂತಿದೆ. ಹಲ್ಲಿಗಳು ಮಾತ್ರ ಬೆಚ್ಚಗಿದೆ ಅಂತ ಸಂಸಾರ ಸಮೇತ ಬಂದಿವೆ.

ನಾಬ್‌ಗಳಿಗೆ ಬೇರೆ ಮದ್ದು. ಮಳೆ ಮುಗಿದು ಮೊದಲ ಸಲ ತಿರುಗಿಸಿದಾಗ ಕರಕರ ಅನ್ನುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಒಳಗೆ ಚಿಮುಕಿಸಿ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಸಾಕು. ಅಡುಗೆ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಗಿಟಾರ್ ಚುಚ್ಚುವ ಜ್ಯಾಕನ್ನೂ ಆಗಾಗ ಹೀಗೇ ತಿಕ್ಕಬೇಕು, ವಾಲ್ಯೂಮ್ ತಾನಾಗಿ ಏರಿಳಿಯುತ್ತಿದ್ದರೆ ಹತ್ತರಲ್ಲಿ ಎಂಟು ಸಲ ಅದೇ ಕಾರಣ.

ಹಳೆಯ ಜೆಸಿ ಎಲ್ಲಾದರೂ ಸಿಕ್ಕಿತು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಹೇಳುವುದು ಇಷ್ಟು. ಮೊದಲು ಹಿಂದಿನ ತಗಡು ಓದಿ, 100 ವೋಲ್ಟೋ 230 ವೋಲ್ಟೋ ನೋಡಿ. ಆಮೇಲೆ ಕೋರಸ್ ಹಾಕಿ ಒಂದೊಂದೇ ಸ್ಪೀಕರಿನ ಹತ್ತಿರ ಕಿವಿ ಇಡಿ. ಒಂದರಲ್ಲಿ ನೆಟ್ಟಗಿನ ಸದ್ದು, ಇನ್ನೊಂದರಲ್ಲಿ ತೂಗುವ ಸದ್ದು ಇರಬೇಕು. ಎರಡರಲ್ಲೂ ಒಂದೇ ಇದ್ದರೆ ಕೋರಸ್ ಸರ್ಕ್ಯೂಟಿನಲ್ಲಿ ಏನೋ ಕೆಟ್ಟಿದೆ, ಬೆಲೆ ಇಳಿಸಿ ಕೇಳಿ. ರಿವರ್ಬ್ ಏರಿಸಿ ಪೆಟ್ಟಿಗೆಯ ಪಕ್ಕಕ್ಕೆ ಮೆಲ್ಲಗೆ ಗುದ್ದಿ. ಒಳಗೆ ಗುಡುಗಿದರೆ ಸ್ಪ್ರಿಂಗ್ ಸರಿಯಿದೆ. ತೀರಾ ಹಳೆಯವುಗಳಲ್ಲಿ ಎಫೆಕ್ಟ್ಸ್ ಲೂಪ್ (ಆಂಪಿನ ಸರ್ಕ್ಯೂಟಿನ ನಡುವೆ ಪೆಡಲ್ ಸೇರಿಸುವ ಜ್ಯಾಕ್‌ಗಳು) ಇರುವುದಿಲ್ಲ, ಅದು ಬೇಕೇ ಬೇಕು ಅನ್ನುವವರು ಆಮೇಲಿನದ್ದನ್ನು ಹುಡುಕಿ. 100 ವೋಲ್ಟಿನದ್ದೇ ಆಗಿದ್ದರೆ 500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ, ಐಸೊಲೇಷನ್ ಇರುವಂಥದ್ದನ್ನೇ ಕೇಳಿ. ಸೋವಿಯಲ್ಲಿ ಸಿಗುವ ಆಟೋ ಟ್ರಾನ್ಸ್‌ಫಾರ್ಮರ್‌ಗಳು ವೋಲ್ಟೇಜ್ ಇಳಿಸುತ್ತವೆಯೇ ಹೊರತು ಮೇನ್ಸ್‌ನಿಂದ ನಿಮ್ಮನ್ನು ಬೇರ್ಪಡಿಸುವುದಿಲ್ಲ, ಮತ್ತೆ ಗಿಟಾರಿನ ತಂತಿ ಹಿಡಿದಿರುವುದು ನಿಮ್ಮ ಕೈ. ಅರ್ತಿಂಗ್ ಒಮ್ಮೆ ನೋಡಿಸಿ, ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ. ಜಾಗ ಉಳಿಯುತ್ತದೆ ಅಂತ ಟ್ರಾನ್ಸ್‌ಫಾರ್ಮರನ್ನು ಆಂಪಿನ ಒಳಗೆ, ಹಿಂಭಾಗದ ಖಾಲಿ ಜಾಗದಲ್ಲಿ ಮಾತ್ರ ಇಡಬೇಡಿ. ರಿವರ್ಬ್ ಸ್ಪ್ರಿಂಗಿನ ತೊಟ್ಟಿ ಅದರ ಹಮ್ಮನ್ನು ಹೀರಿಕೊಳ್ಳುತ್ತದೆ, ಆಮೇಲೆ ಯಾವ ಕೆಪ್ಯಾಸಿಟರ್ ಬದಲಾಯಿಸಿದರೂ ಹೋಗುವುದಿಲ್ಲ. ಎರಡು ಮೀಟರ್ ದೂರ, ಒಂದು ಹಲಗೆಯ ಮೇಲೆ ಇಡಿ.